ಯಾರಿಗೆ ಕಾಣಬೇಕು

ನೀರು ಸರಬರಾಜು ಮಂಡಳಿಯ ಮೂರನೇ ಮಹಡಿಯ ಕಂಪ್ಯೂಟರ್ ವಿಭಾಗದಲ್ಲಿ, ಕಿಟಕಿಗೆ ಬೆನ್ನು ಹಾಕಿದ ಮೇಜಿನಲ್ಲಿ ಕೂತು, ಅವನು ದಿನದ ಮೊದಲ ಕೆಲಸವಾಗಿ ಆ ಪಟ್ಟಿಯನ್ನು ತೆರೆದ. ಮಂಡಳಿಯ ನೌಕರರಿಗಷ್ಟೇ ತೆರೆಯುವ ಇಂಟ್ರಾನೆಟ್ಟಿನಲ್ಲಿ ಯಾರು ಯಾವ ಪುಟದ ಬಾಗಿಲು ತಟ್ಟಿದರು, ಯಾರನ್ನು ಒಳಗೆ ಬಿಡಲಿಲ್ಲ ಎಂಬ ಪಟ್ಟಿ. ಅದನ್ನು ನೋಡಲೇಬೇಕೆಂದು ಯಾರೂ ಹೇಳಿರಲಿಲ್ಲ. ಊಟವಾದ ಮೇಲೆ ನಾಲಗೆ ತಾನಾಗಿಯೇ ಹಲ್ಲಿನ ಸಂದಿ ಹುಡುಕಿಕೊಂಡು ಹೋಗುತ್ತದಲ್ಲ, ಹಾಗೆ ಹೋಗಿ ನೋಡಿದ್ದ, ಅಷ್ಟೆ. ‘ಸೋರಿಕೆ ಶಬ್ದ’ ಎಂಬ ಪುಟದ ಎದುರು ಒಂದೇ ನೌಕರನ ಸಂಖ್ಯೆ ಹನ್ನೊಂದು ಸಲ ಇತ್ತು. ಹನ್ನೊಂದು ದಿನ, ದಿನಕ್ಕೊಂದು ಸಲ, ಬೆಳಿಗ್ಗೆ ಏಳೂ ನಲವತ್ತರ ಆಸುಪಾಸು. ತಟ್ಟಿದ್ದು, ‘ಈ ಪುಟ ನಿಮಗೆ ಸಂಬಂಧಿಸಿದ್ದಲ್ಲ’ ಎಂಬ ವಾಕ್ಯ ಓದಿದ್ದು, ವಾಪಸು ಹೋದದ್ದು. ಮರುದಿನ ಮತ್ತೆ. ಆ ವಾಕ್ಯ ಬರೆದವನು ಅವನೇ. ಮೊದಲು ‘ನಿಮಗೆ ಅನುಮತಿಯಿಲ್ಲ’ ಎಂದಿತ್ತು. ಒರಟಾಯಿತೆಂದು ತಿದ್ದಿ ಮೃದು ಮಾಡಿ, ಆ ಸಂಜೆಯೆಲ್ಲ ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದ. ಆ ಮೃದುವಾದ ವಾಕ್ಯದ ಮುಂದೆ ಹನ್ನೊಂದು ಸಲ ನಿಂತವರ ಸಂಖ್ಯೆ ಅವನಿಗೆ ಬಾಯಿಪಾಠವಾಗಿತ್ತು. ಸ್ಟೀಲಿನ ಊಟದ ಡಬ್ಬಿಯ ಮುಚ್ಚಳದ ಮೇಲೆ ಮೊಳೆಯಿಂದ ಗೀಚಿದ ಸಂಖ್ಯೆ ಅದು. ಹದಿನಾರರಿಂದ ಇಪ್ಪತ್ತೆರಡರ ತನಕ, ಅಕ್ಕನ ಮನೆಯಲ್ಲಿದ್ದು ಓದಿದಷ್ಟು ಕಾಲ, ದಿನಾ ಸಂಜೆ ಆ ಡಬ್ಬಿಯನ್ನು ತೊಳೆದು ಬೋರಲು ಹಾಕುವುದು ಅವನ ಕೆಲಸವಾಗಿತ್ತು. ಅದು ಭಾವನ ಡಬ್ಬಿ.

ಭಾವ ಮಂಡಳಿಯ ಸೋರಿಕೆ ಶೋಧಕ. ನೆಲದೊಳಗೆ ಕೊಳವೆ ಎಲ್ಲಿ ಒಡೆದಿದೆ ಎಂದು ನೆಲದ ಮೇಲೆ ನಿಂತು ಕೇಳಿ ಹೇಳುವ ಕೆಲಸ. ಎದೆಯೆತ್ತರದ ಒಂದು ಉಕ್ಕಿನ ಕೋಲು, ಅದರ ತುದಿಗೆ ತಿರುಪಿ ಕೂರಿಸಿದ ಮರದ ಬಟ್ಟಲು. ಕೋಲನ್ನು ಕೊಳವೆಯ ವಾಲ್ವಿನ ಮೇಲೆ ಊರಿ, ಬಟ್ಟಲಿಗೆ ಕಿವಿ ಕೊಟ್ಟು ನಿಂತರೆ ಒಡೆದ ಕೊಳವೆ ಸುಸ್ಸೆನ್ನುವುದು ಕೇಳುತ್ತದಂತೆ. ಕೇಳುತ್ತದಂತೆ ಎಂದೇ ಅವನು ಹೇಳಬೇಕು. ಹದಿನೇಳನೇ ವಯಸ್ಸಿನಲ್ಲಿ ಭಾವ ಒಂದು ದಿನ ಅವನನ್ನು ಕರೆದುಕೊಂಡು ಹೋಗಿ, ಬಟ್ಟಲಿಗೆ ಕಿವಿ ಹಚ್ಚಿಸಿ, ‘ಕೇಳಿಸ್ತಾ?’ ಎಂದಿದ್ದರು. ಅವನಿಗೆ ತನ್ನದೇ ರಕ್ತದ ದಡದಡ ಬಿಟ್ಟರೆ ಬೇರೇನೂ ಕೇಳಿಸಿರಲಿಲ್ಲ. ಕೇಳಿಸ್ತು ಎಂದಿದ್ದ. ಭಾವನ ಮುಖ ಅರಳಿತ್ತು, ಅಥವಾ ಅರಳಿತೆಂದು ಅವನು ಅಂದುಕೊಂಡಿದ್ದ. ಮಂಡಳಿಯಲ್ಲಿ ಅವರನ್ನು ಎಲ್ಲರೂ ಕಿವಿಯಣ್ಣ ಎನ್ನುತ್ತಾರೆ. ಕಿವಿಯಣ್ಣ ಸೀಮೆಸುಣ್ಣದಿಂದ ಗುರುತು ಹಾಕಿದ ಕಡೆ ಅಗೆದರೆ ನೀರು ಸಿಗದೆ ಇದ್ದದ್ದೇ ಇಲ್ಲ ಎಂಬ ಮಾತು ಇತ್ತು. ಕಳೆದ ಹತ್ತು ದಿನಗಳಲ್ಲಿ ಎರಡು ಗುಂಡಿಗಳಲ್ಲಿ ಒಣಮಣ್ಣು ಸಿಕ್ಕಿತ್ತು. ಕ್ಯಾಂಟೀನಿನಲ್ಲಿ ತಲೆಗೊಂದು ಮಾತು ಹುಟ್ಟಿತ್ತು. ಅವನು ಟೀ ಲೋಟದೊಳಗೆ ಮುಖವಿಟ್ಟುಕೊಂಡು ಕೇಳಿಸಿಕೊಂಡಿದ್ದ. ಒಂದು ಕ್ಷಣ, ಒಂದೇ ಕ್ಷಣ, ಒಳಗೆಲ್ಲೋ ತಣ್ಣಗಾಗಿತ್ತು ಎಂಬುದನ್ನು ಈಗ ಅಲ್ಲಗಳೆಯುವಂತಿಲ್ಲ.

ಹನ್ನೆರಡು ದಿನದ ಹಿಂದಿನ ತನಕ ಇಂಟ್ರಾನೆಟ್ಟಿನ ಎಡಬದಿಯಲ್ಲಿ ನೂರಾ ನಲವತ್ತು ಲಿಂಕುಗಳಿದ್ದವು, ಎಲ್ಲರಿಗೂ ಎಲ್ಲವೂ. ರಜೆ ಅರ್ಜಿ ಹುಡುಕಲು ಹೋದ ಗುಮಾಸ್ತೆ ಕ್ಲೋರಿನ್ ದಾಸ್ತಾನು, ಪಂಪ್‌ಹೌಸಿನ ಪಾಳಿ, ಟ್ಯಾಂಕರ್ ದುರಸ್ತಿ ಎಲ್ಲವನ್ನೂ ದಾಟಿ ಹೋಗಬೇಕಿತ್ತು. ‘ಯಾರಿಗೆ ಬೇಕೋ ಅವರಿಗಷ್ಟೇ ಕಾಣಲಿ, ಉಳಿದವರ ಕಣ್ಣಿಗೆ ಯಾಕೆ ಅದು’ ಎಂದು ವಿಭಾಗದ ಮುಖ್ಯಸ್ಥೆ ಹೇಳಿದ್ದರು. ಅವನು ಕೋಷ್ಟಕ ಮಾಡಿದ. ಒಂದು ಕಾಲಮ್ಮಿನಲ್ಲಿ ಲಿಂಕು, ಪಕ್ಕದಲ್ಲಿ ‘ಯಾರಿಗೆ ಕಾಣಬೇಕು’. ಪ್ರತಿ ಗುಂಪಿಗೂ ಸರಿಯಾದದ್ದು ಕಾಣುತ್ತಿದೆಯೇ ಎಂದು ಪರೀಕ್ಷಿಸಲು ತನ್ನನ್ನೇ ಒಂದೊಂದು ಗುಂಪಿಗೆ ಸೇರಿಸಿಕೊಂಡು ನೋಡಬೇಕಾಗಿತ್ತು. ಒಂಬತ್ತು ವರ್ಷದಿಂದ ಈ ಕಟ್ಟಡದಲ್ಲಿ ಸಂಬಳ ತಿನ್ನುತ್ತಿದ್ದವನಿಗೆ ತಾನು ಎಂಥ ಜಾಗದಲ್ಲಿದ್ದೇನೆಂದು ಗೊತ್ತಾದದ್ದು ಆ ವಾರದಲ್ಲೇ. ಸೋಮವಾರ ಡ್ರೈವರ್ ಆಗಿದ್ದ, ಮಂಗಳವಾರ ಪಂಪಿನವನು. ಬುಧವಾರ ಪ್ರಯೋಗಾಲಯದವನಾಗಿ ಒಳಹೊಕ್ಕಾಗ ‘ಮೀನಿನ ತೊಟ್ಟಿ’ ಎಂಬ ಲಿಂಕು ಕಂಡಿತು. ಯಾರೋ ತಮಾಷೆಗೆ ಹಾಕಿದ್ದೆಂದು ಒತ್ತಿದ. ಪರದೆಯಲ್ಲಿ, ನದಿಯಿಂದ ಈಗಷ್ಟೇ ಬಂದ ನೀರು ಒಂದು ಗಾಜಿನ ತೊಟ್ಟಿಯ ಮೂಲಕ ಹಾದುಹೋಗುತ್ತಿತ್ತು. ಅದರಲ್ಲಿ ಆರು ಮೀನು. ಅವು ಮೇಲೆ ಬಂದು ಬಾಯಿ ಬಿಡಲು ಶುರುಮಾಡಿದರೆ ನೀರಿನಲ್ಲಿ ಏನೋ ವಿಷವಿದೆ ಎಂದು ಊರಿಗೆ ನೀರು ಹೋಗುವ ಬಾಗಿಲುಗಳನ್ನೆಲ್ಲ ಮುಚ್ಚಬೇಕು. ಯಾರೋ ಒಬ್ಬರು ಯಾವಾಗಲೂ ಆ ಮೀನುಗಳನ್ನು ನೋಡುತ್ತಲೇ ಇರುತ್ತಾರೆ. ಊರಿಗೆ ಊರೇ ಹಲ್ಲುಜ್ಜುವುದು, ಮಗುವಿಗೆ ಸ್ನಾನ ಮಾಡಿಸುವುದು, ಹೆಸರೇ ಇಲ್ಲದ ಆ ಆರು ಮೀನುಗಳ ಉಸಿರಾಟವನ್ನು ನಂಬಿ. ಅವನು ಮೇಜಿನ ಮೇಲಿದ್ದ ಲೋಟವನ್ನು ಎತ್ತಿ ನೀರನ್ನು ಬೆಳಕಿಗೆ ಹಿಡಿದು ನೋಡಿದ. ಪಕ್ಕದ ಮೇಜಿನವಳು ‘ಏನು, ಹುಳ ಇದೆಯಾ?’ ಎಂದಳು.

ಗುರುವಾರ ವಿಶ್ಲೇಷಣಾ ವಿಭಾಗದ ಏಳು ಜನರ ಗುಂಪಿಗೆ ಸೇರಿಕೊಂಡಾಗ ಸೋರಿಕೆ ಶಬ್ದ ತೆರೆಯಿತು. ಬೀದಿಬೀದಿಯ ವಾಲ್ವುಗಳಿಗೆ ಅಯಸ್ಕಾಂತದಿಂದ ಅಂಟಿಸಿದ ಪುಟ್ಟ ಡಬ್ಬಿಗಳಿವೆಯಂತೆ. ಊರು ಮಲಗಿರುವಾಗ ಅವು ಕೇಳಿಸಿಕೊಂಡದ್ದೆಲ್ಲ ಬೆಳಿಗ್ಗೆ ಏಳೂವರೆಗೆ ಒಂದು ಗೆರೆಯ ಚಿತ್ರವಾಗಿ ಈ ಪುಟಕ್ಕೆ ಬಂದು ಬೀಳುತ್ತದೆ. ಗೆರೆ ಎಲ್ಲಿ ಮುಳ್ಳಿನ ಹಾಗೆ ಎದ್ದಿದೆಯೋ ಅಲ್ಲಿ ಕೊಳವೆ ಒಡೆದಿದೆ. ಅವನು ತನ್ನ ಮನೆಯ ಬೀದಿಯನ್ನೇ ಹುಡುಕಿ, ಶಬ್ದದ ಗುರುತು ಒತ್ತಿ, ಇಯರ್‌ಫೋನ್ ಹಾಕಿಕೊಂಡ. ದಿನಾ ಚಪ್ಪಲಿ ಸವೆಸುವ ಆ ಬೀದಿಯ ಹೊಟ್ಟೆಯೊಳಗಿಂದ ಯಾರೋ ಬಹಳ ದೊಡ್ಡವರು ನಿದ್ದೆಯಲ್ಲಿ ಉಸಿರಾಡುವ ಸದ್ದು ಬಂತು. ಅವನ ಮೈ ಜುಮ್ಮೆಂದಿತು. ಇದೆಲ್ಲ ಇಷ್ಟು ವರ್ಷ ಎಡಬದಿಯಲ್ಲಿ, ರಜೆ ಅರ್ಜಿಯ ಕೆಳಗೆ, ಒಂದು ಬೆರಳಿನ ದೂರದಲ್ಲಿತ್ತು. ಅವನು ಒತ್ತಿಯೇ ಇರಲಿಲ್ಲ. ಈಗ ಒತ್ತಿದ್ದು ಇತರರಿಗೆ ಅದು ಕಾಣದಂತೆ ಮಾಡಲು.

ಶುಕ್ರವಾರದ ಸಭೆಯಲ್ಲಿ ಆ ಸಾಲು ಬಂದಾಗ ಮುಖ್ಯಸ್ಥೆ ಕೇಳಿದ್ದರು, ‘ಇದು ಶೋಧಕರಿಗೂ ಬೇಡವಾ?’ ಕೇಳಿದ್ದರು, ಅವರ ತಪ್ಪೇನೂ ಇಲ್ಲ. ‘ಕಿವಿ ಇದ್ದವರಿಗೆ ಚಿತ್ರ ಯಾಕೆ ಮೇಡಂ?’ ಎಂದ ಅವನು. ಎಲ್ಲರೂ ನಕ್ಕರು. ಅವನ ಮಾತಿಗೆ ಸಭೆಯಲ್ಲಿ ಜನ ನಕ್ಕದ್ದು ಅದೇ ಮೊದಲು, ಆ ನಗೆಯ ಬಿಸಿ ಮಧ್ಯಾಹ್ನದ ತನಕ ಕಿವಿಯ ತುದಿಯಲ್ಲಿತ್ತು. ಶೋಧಕರನ್ನು ಒಂದು ಮಾತು ಕೇಳಬಹುದಿತ್ತು. ಶೋಧಕರೆಂದರೆ ಮೂರು ಜನ, ಅವರಲ್ಲಿ ಒಬ್ಬರು ಅವನಿಗೆ ಆರು ವರ್ಷ ಅನ್ನ ಹಾಕಿದವರು. ಕೇಳಲಿಲ್ಲ. ಯಾಕೆ ಕೇಳಲಿಲ್ಲ ಎಂದು ಈಗ ಪಟ್ಟಿಯ ಎದುರು ಕೂತು ತನ್ನನ್ನೇ ಕೇಳಿಕೊಂಡರೆ ಉತ್ತರವಾಗಿ ಒಂದು ಭಾನುವಾರ ಎದ್ದು ಬಂತು. ಬಡ್ತಿಯ ಕಾಗದ ಕೈಗೆ ಬಂದ ಮೊದಲ ಭಾನುವಾರ. ಭಾವ ವರಾಂಡದಲ್ಲಿ ಬೆನ್ನು ತಿರುಗಿಸಿ ಕೂತು ಕೊಡೆಯ ಕಡ್ಡಿ ಸರಿಮಾಡುತ್ತಿದ್ದರು. ಅವನು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು, ‘ಭಾವ, ನನಗೆ ಬಡ್ತಿ ಆಯ್ತು’ ಎಂದ. ಭಾವ ಕೊಡೆಯ ಕಡ್ಡಿ ಬಗ್ಗಿಸಿದರು. ಇನ್ನೊಮ್ಮೆ ಹೇಳುವಷ್ಟು ಮಾನಗೆಟ್ಟವನಲ್ಲ ತಾನು ಎಂದುಕೊಂಡು ಅಡುಗೆಮನೆಗೆ ಹೋಗಿ ಅಕ್ಕನಿಗೆ ಹೇಳಿದ್ದ. ಊಟದ ಹೊತ್ತಿಗೆ ಭಾವ ಅವನ ಎಲ್ಲ ಮಾತಿಗೂ ಜೋರುಜೋರಾಗಿ ಉತ್ತರ ಕೊಟ್ಟರು. ಅದು ದೊಡ್ಡಸ್ತಿಕೆ ಎನ್ನಿಸಿತು. ತನಗೆ ಮಂಡಳಿಯಲ್ಲಿ ಕೆಲಸ ಕೊಡಿಸಿದವರೆಂಬ ಗತ್ತು. ಆ ಬೆನ್ನನ್ನು ಅವನು ಮೂರು ವರ್ಷದಿಂದ ಎದೆಯಲ್ಲಿ ಹೊತ್ತುಕೊಂಡು ತಿರುಗುತ್ತಿದ್ದ.

ಈಗ ಒಂದೊಂದಾಗಿ ನೆನಪಿಗೆ ಬರತೊಡಗಿದವು. ಅಕ್ಕ ಅಡುಗೆಮನೆಯಿಂದ ಕೂಗುವುದನ್ನು ಬಿಟ್ಟು, ಒದ್ದೆ ಕೈಯಲ್ಲೇ ಹೊರಗೆ ಬಂದು ಭಾವನ ಭುಜ ಮುಟ್ಟಿ ‘ಏಳಿ, ಊಟ’ ಎನ್ನುವುದು. ಬೀದಿಯಲ್ಲಿ ನಡೆಯುವಾಗ ಭಾವ ಯಾವಾಗಲೂ ಗೋಡೆಯ ಕಡೆಯ ಜಾಗ ಹಿಡಿಯುವುದು. ಮಾತಾಡುವಾಗ ಎದುರಿನವರ ಬಾಯನ್ನೇ ನೋಡುವುದು. ತನ್ನ ಹಲ್ಲು ಹುಳುಕಾಗಿರುವುದನ್ನು ನೋಡುತ್ತಿದ್ದಾರೆಂದು ಅವನು ಕೈ ಅಡ್ಡ ಹಿಡಿದು ಮಾತಾಡಲು ಶುರುಮಾಡಿದ್ದ. ಕೈ ಅಡ್ಡ ಹಿಡಿದು. ಹಳೆಯ ದಾಖಲೆ ತೆರೆದು ನೋಡಿದ: ಮೂರು ವರ್ಷದಿಂದ, ಕೆಲಸವಿದ್ದ ಪ್ರತಿ ಬೆಳಿಗ್ಗೆ, ಡಬ್ಬಿಗಳ ಚಿತ್ರ ಬಂದು ಬಿದ್ದ ಹತ್ತು ನಿಮಿಷಕ್ಕೆ, ಆ ಒಂದು ಸಂಖ್ಯೆ ಆ ಪುಟವನ್ನು ತೆರೆದಿತ್ತು. ವಿಶ್ಲೇಷಣೆಯ ಏಳು ಜನ ಒಟ್ಟಿಗೆ ಸೇರಿದರೂ ಅಷ್ಟು ಸಲ ತೆರೆದಿರಲಿಲ್ಲ.

ಅವನು ಮೆಟ್ಟಿಲ ಬಳಿ ಹೋಗಿ ಭಾವನಿಗೆ ಫೋನ್ ಮಾಡಿದ. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದ. ಮೂರನೇ ಸಲ ಮಾಡುವಾಗಷ್ಟೇ ತಾನೆಂಥ ಮೂರ್ಖ ಎಂದು ಹೊಳೆದು ಅಕ್ಕನಿಗೆ ಮಾಡಿದ.

‘ಅಕ್ಕ, ಭಾವನಿಗೆ ಕಿವಿ ಕೇಳಲ್ವಾ?’

ಆ ಕಡೆ ನಲ್ಲಿಯ ನೀರು ಪಾತ್ರೆಗೆ ಬೀಳುತ್ತಿತ್ತು. ನಿಂತಿತು.

‘ಯಾರು ಹೇಳಿದ್ರು ನಿನಗೆ?’

‘ಯಾರೂ ಹೇಳಿಲ್ಲ.’

‘ಮೂರು ವರ್ಷ ಆಯ್ತು ಪುಟ್ಟ. ಯಾರಿಗೆ ಹೇಳಿದ್ರೂ ನಿನಗೆ ಮಾತ್ರ ಹೇಳಬಾರದು ಅಂತ ಆಣೆ ಹಾಕಿಸಿಕೊಂಡಿದ್ದಾರೆ.’

‘ನನಗೆ ಮಾತ್ರ ಯಾಕೆ?’

‘ನಿನ್ನನ್ನ ಕರ್ಕೊಂಡು ಹೋಗಿ ಕೋಲು ಕೊಟ್ಟಿದ್ರಂತಲ್ಲ, ಚಿಕ್ಕವನಿದ್ದಾಗ. ನಿನ್ನ ಕಣ್ಣಲ್ಲಿ ಸಣ್ಣವರಾಗ್ತಾರಂತೆ.’ ಅಕ್ಕ ದನಿ ತಗ್ಗಿಸಿದಳು. ‘ಬೆಳಿಗ್ಗೆ ಫೋನಲ್ಲಿ ಅದೇನೋ ಗೆರೆ ನೋಡ್ಕೊಂಡು ಹೋಗ್ತಿದ್ರು. ಅಲ್ಲಿ ಹೋಗಿ ಕೇಳೋ ಹಾಗೆ ಮಾಡೋದು, ಗುರುತು ಹಾಕೋದು. ಹೆಂಗೋ ನಡೀತಿತ್ತು. ಈಗ ಅದು ಬರ್ತಾನೇ ಇಲ್ಲ. ಫೋನ್ ಕೆಟ್ಟಿದೆ ಅಂತ ಅಂಗಡಿಗೆ ತಗೊಂಡು ಹೋಗಿದ್ರು. ಫೋನ್ ಚೆನ್ನಾಗೇ ಇದೆ ಯಜಮಾನ್ರೇ ಅಂದನಂತೆ ಅವನು.’

‘ನನ್ನ ಕೇಳಬಹುದಿತ್ತಲ್ಲ.’

‘ಏನಂತ ಕೇಳ್ತಾರೆ?’

‘ಈಗ ಎಲ್ಲಿದ್ದಾರೆ?’ ಎಂದ ಅವನು.

‘ಇವತ್ತು ಟೈಲರ್ ಬೀದಿಯಲ್ಲಂತೆ. ಎಂಜಿನಿಯರ್ ಖುದ್ದಾಗಿ ಬರ್ತಾರಂತೆ. ಇವತ್ತೂ ಒಣಗುಂಡಿ ಆದ್ರೆ ಕೋಲು ಕಿತ್ಕೊಂಡು ಮೀಟರ್ ಗೋದಾಮಿಗೆ ಹಾಕ್ತಾರಂತೆ. ಬೆಳಿಗ್ಗೆ ಒಂದು ತುತ್ತು ತಿಂದಿಲ್ಲ, ಡಬ್ಬೀನೂ ಬಿಟ್ಟು ಹೋಗಿದ್ದಾರೆ.’ ಅಷ್ಟು ಹೇಳಿ ಅಕ್ಕ ಫೋನ್ ಇಟ್ಟಳು; ಅವಳು ಅಳುವುದನ್ನು ಯಾರಿಗೂ ಕೇಳಿಸುವವಳಲ್ಲ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅವನು ಮೇಜಿಗೆ ಓಡಿ, ಯಾರಿಗೂ ಹೇಳದೆ ಭಾವನ ಸಂಖ್ಯೆಯನ್ನು ವಿಶ್ಲೇಷಣಾ ವಿಭಾಗದ ಗುಂಪಿಗೆ ಸೇರಿಸಿದ. ‘ಬದಲಾವಣೆ ನಾಳೆ ಬೆಳಿಗ್ಗೆಯಿಂದ ಜಾರಿಗೆ ಬರುತ್ತದೆ’ ಎಂದು ಪರದೆ ಹೇಳಿತು. ಆ ನಿಯಮ ಮಾಡಿದವನೂ ಅವನೇ. ಹಗಲಿನಲ್ಲಿ ಜನರ ಪಟ್ಟಿ ಬದಲಾಗುತ್ತಿದ್ದರೆ ಗೊಂದಲವೆಂದು. ಆದರೆ ಅವನಿಗೆ ಪುಟ ಕಾಣುತ್ತಿತ್ತು. ಉಳಿದವರ ಕಣ್ಣಿಂದ ಬೇಡದ್ದನ್ನೆಲ್ಲ ತೆಗೆದವನು ತನ್ನನ್ನು ಆ ಗುಂಪಿನಿಂದ ತೆಗೆಯಲು ಮರೆತಿದ್ದ, ಅಥವಾ ಮರೆತಂತೆ ಮಾಡಿದ್ದ. ಟೈಲರ್ ಬೀದಿಯ ಗೆರೆ ನೂಲಿನ ಅಂಗಡಿಯ ಎದುರು, ಅದರ ಮೆಟ್ಟಿಲಿನ ನೇರಕ್ಕೆ, ಕಡ್ಡಿಯಂತೆ ಎದ್ದು ನಿಂತಿತ್ತು. ಅವನು ಆ ಜಾಗವನ್ನು ಬಾಯಿಪಾಠ ಮಾಡಿಕೊಂಡು, ಹೊಟ್ಟೆನೋವೆಂದು ಪಕ್ಕದ ಮೇಜಿನವಳಿಗೆ ಹೇಳಿ, ಎರಡು ಬಸ್ ನಿಲ್ದಾಣದಷ್ಟು ದೂರವನ್ನು ಅರ್ಧ ಓಡಿ ಅರ್ಧ ನಡೆದ. ಕಾಲಿನ ಕೆಳಗೆ ಉದ್ದಕ್ಕೂ ನೀರು ಹರಿಯುತ್ತಿದೆ ಎಂಬುದು ಒಂದು ಹೆಜ್ಜೆಗೂ ಮರೆಯಲಿಲ್ಲ. ಮೊದಲ ಸಲ ಅವನಿಗೆ ನೆಲ ತೆಳ್ಳಗೆ ಕಂಡಿತು, ಚರ್ಮದ ಹಾಗೆ.

ಬೀದಿಯ ಎರಡೂ ಬದಿಗೆ ಹೊಲಿಗೆ ಯಂತ್ರಗಳು ಟರ್ರೆನ್ನುತ್ತಿದ್ದವು. ಅಗೆಯುವ ನಾಲ್ವರು ಹಾರೆ ಗುದ್ದಲಿ ಒರಗಿಸಿ ನಿಂತಿದ್ದರು. ಎಂಜಿನಿಯರ್ ಗಡಿಯಾರ ನೋಡಿಕೊಳ್ಳುತ್ತಿದ್ದರು. ನಡುವೆ ಭಾವ, ಬಟ್ಟಲಿಗೆ ಕಿವಿ ಒತ್ತಿ, ಕಣ್ಣು ಮುಚ್ಚಿ, ಒಂದು ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿದ ಭಂಗಿಯಲ್ಲಿ. ಹದಿನೇಳರ ವಯಸ್ಸಿನಲ್ಲಿ ಅದೇ ಭಂಗಿ ನೋಡಿ ಅವನು ಉಸಿರು ಬಿಗಿಹಿಡಿದಿದ್ದ. ಈಗ ಅದರೊಳಗೆ ಏನೂ ಇಲ್ಲವೆಂದು ಅಲ್ಲಿದ್ದವರಲ್ಲಿ ಇಬ್ಬರಿಗೆ ಗೊತ್ತು. ಭಾವ ಕೋಲು ಎತ್ತಿ ಮುಂದಿನ ಮೀಟರ್ ಪೆಟ್ಟಿಗೆಗೆ ಹೋದರು, ಮತ್ತೆ ಹಿಂದಕ್ಕೆ ಬಂದರು. ಅಂಗಿಯ ಬೆನ್ನು ಒದ್ದೆಯಾಗಿತ್ತು. ‘ಏನಣ್ಣ, ಮಿಷನ್ ನಿಲ್ಲಿಸೋಕೆ ಹೇಳಲಾ?’ ಎಂದು ಎಂಜಿನಿಯರ್ ಹಿಂದಿನಿಂದ ಕೇಳಿದರು. ಭಾವ ತಿರುಗಲಿಲ್ಲ. ಎಂಜಿನಿಯರ್ ಮುಖ ಬಿಗಿಯಾಯಿತು. ಅದು ತನ್ನದೇ ಮುಖ, ಬಾಗಿಲಲ್ಲಿ ಚಪ್ಪಲಿ ಬಿಡದೆ ನಿಂತವನದು, ಎಂದು ಅವನಿಗೆ ಗೊತ್ತಾಯಿತು.

ಅವನು ಹತ್ತಿರ ಹೋದ. ಗುಟ್ಟು ಹೇಳಲು ಬಂದವನು ಅಲ್ಲಿ ನಿಂತ ಮೇಲಷ್ಟೇ ಕಂಡುಕೊಂಡ, ಕಿವುಡನಿಗೆ ಗುಟ್ಟು ಹೇಳುವುದು ಹೇಗೆ? ಕೂಗಿದರೆ ಬೀದಿಗೆಲ್ಲ ಗೊತ್ತಾಗುತ್ತದೆ. ಫೋನಿನಲ್ಲಿ ಬರೆದ: ‘ನೂಲಿನ ಅಂಗಡಿ ಎದುರು, ಮೆಟ್ಟಿಲ ನೇರಕ್ಕೆ.’ ಅದನ್ನು ಅಂಗೈಯಲ್ಲಿ ಮರೆಮಾಡಿ ಭಾವನ ಮುಂದೆ ಚಾಚಿದ.

ಭಾವ ಫೋನನ್ನು ನೋಡಲಿಲ್ಲ, ಅವನ ಮುಖವನ್ನು ನೋಡಿದರು. ಎಷ್ಟೋ ಹೊತ್ತು.

‘ಕನ್ನಡಕ ತಂದಿಲ್ಲ,’ ಎಂದರು, ತಮ್ಮ ಮಾಮೂಲಿ ದೊಡ್ಡ ದನಿಯಲ್ಲಿ. ಕನ್ನಡಕದ ಒಂದು ಕಾಲು ಅವರ ಜೇಬಿನಿಂದ ಹೊರಗೆ ಚಾಚಿಕೊಂಡಿತ್ತು.

ಆಮೇಲೆ ಭಾವ ಕೋಲಿನ ತುದಿಯ ಮರದ ಬಟ್ಟಲನ್ನು ತಿರುಪಿ ತಿರುಪಿ ಬಿಚ್ಚಿದರು. ಬಿಚ್ಚಿ, ‘ಹಿಡ್ಕೋ’ ಎಂದು ಅವನ ಕೈಗೆ ಕೊಟ್ಟರು. ಬರಿ ಉಕ್ಕಿನ ತುದಿಯನ್ನು ಅಂಗಿಯ ಚುಂಗಿನಿಂದ ಒರೆಸಿದರು. ಅವರು ಏನು ಮಾಡಲಿದ್ದಾರೆಂದು ಅವನಿಗೆ ಆಗಲೇ ಹೊಳೆಯಿತು. ಭಾವನೇ ಎಷ್ಟೋ ಸಲ ಊಟದ ಹೊತ್ತಿಗೆ ನಗುನಗುತ್ತ ಹೇಳಿದ್ದ ಕಥೆ ಅದು: ಅವರಿಗೆ ಕೆಲಸ ಕಲಿಸಿದ ಮುದುಕ ಕಿವಿ ಹೋದ ಮೇಲೆ ಕೋಲನ್ನು ಹಲ್ಲಿನಲ್ಲಿ ಕಚ್ಚಿ ಕೇಳುತ್ತಿದ್ದನಂತೆ, ಮಂಡಿಯೂರಿ, ಜೊಲ್ಲು ಸುರಿಸಿಕೊಂಡು. ‘ನಾಯಿ ಎಲುಬು ಕಚ್ಚಿದ ಹಾಗೆ ಕಾಣೋದು. ನಾವೆಲ್ಲ ಮರೆಯಲ್ಲಿ ನಿಂತು ಬಿದ್ದು ಬಿದ್ದು ನಗ್ತಿದ್ವಿ,’ ಎಂದು ಭಾವ ತಾವೇ ಹಾಗೆ ಕಚ್ಚಿ ತೋರಿಸುತ್ತಿದ್ದರು. ಅವನೂ ಅನ್ನ ನೆತ್ತಿಗೇರುವಷ್ಟು ನಕ್ಕಿದ್ದ. ಮೂರು ವರ್ಷ ಒಂದು ಗೆರೆಯ ಮರೆಯಲ್ಲಿ ಭಾವ ತಪ್ಪಿಸಿಕೊಂಡಿದ್ದು ಇದರಿಂದ. ಆ ಮರೆಯನ್ನು ಕಿತ್ತವನು ಪಕ್ಕದಲ್ಲೇ ನಿಂತಿದ್ದಾನೆ, ಬಟ್ಟಲು ಹಿಡಿದುಕೊಂಡು.

ಭಾವ ರಸ್ತೆಯ ಮೇಲೆ ಮಂಡಿಯೂರಿದರು. ಕೋಲಿನ ಕೆಳತುದಿಯನ್ನು ಮೀಟರ್ ಪೆಟ್ಟಿಗೆಯೊಳಗಿನ ಕೊಳವೆಗೆ ಊರಿ, ಓರೆಯಾಗಿಸಿ, ಮೇಲ್ತುದಿಯನ್ನು ಹಲ್ಲಿನಲ್ಲಿ ಕಚ್ಚಿದರು. ಅಗೆಯುವವರಲ್ಲೊಬ್ಬ ಫಕ್ಕನೆ ನಕ್ಕ. ಟೈಲರುಗಳು ಒಬ್ಬೊಬ್ಬರಾಗಿ ತುಳಿಯುವುದನ್ನು ಬಿಟ್ಟು ಬಾಗಿಲಿಗೆ ಬಂದರು. ಭಾವ ತಲೆಯೆತ್ತಿ, ನಿಂತುಹೋದ ಪಾದಗಳನ್ನು ನೋಡಿ, ‘ನೀವು ಹೊಲೀರಪ್ಪ, ನನಗೇನೂ ತೊಂದ್ರೆ ಇಲ್ಲ,’ ಎಂದರು. ಎದ್ದು ಮುಂದಿನ ಪೆಟ್ಟಿಗೆಗೆ ಹೋದರು. ಮಂಡಿಯೂರಿದರು, ಕಚ್ಚಿದರು. ಎದ್ದವರೇ ಅವನ ಕಡೆ ಒಮ್ಮೆ ನೋಡಿದರು, ಅಭ್ಯಾಸ ಬಲದಿಂದ. ಆಗ ಅವನಿಗೆ ಭಯವಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿಯ ಮುಖ ಅವನದು. ಮೂರು ವರ್ಷದಿಂದ ಮುಖಗಳನ್ನೇ ಓದಿ ಬದುಕಿದವರು ಭಾವ. ತನ್ನ ಕಣ್ಣು ಒಂದು ಸಲ ನೂಲಿನ ಅಂಗಡಿಯ ಕಡೆ ಹೊರಳಿದರೆ ಸಾಕು, ಇವತ್ತು ಸಿಗುವ ನೀರು ಭಾವನದ್ದಾಗುವುದಿಲ್ಲ; ಕಂಪ್ಯೂಟರ್ ವಿಭಾಗದಲ್ಲಿ ಕೂತ ತನ್ನ ದಯೆಯದ್ದಾಗುತ್ತದೆ. ಅವನು ತಿರುಗಿ ಗೋಡೆಗೆ ಮುಖ ಮಾಡಿ ನಿಂತ.

ಗೋಡೆಯ ಮೇಲೆ ಯಾರದೋ ಅಳತೆಗಳು ಪೆನ್ಸಿಲಿನಲ್ಲಿದ್ದವು, ತೋಳು, ಎದೆ, ಕೊರಳು. ಅಂಗೈಯಲ್ಲಿ ಬಟ್ಟಲಿತ್ತು. ಮೂವತ್ತು ವರ್ಷ ಒಂದೇ ಕಿವಿ ಒತ್ತಿ ಒತ್ತಿ ಅದರ ಅಂಚು ಎಣ್ಣೆ ಕುಡಿದು ನುಣುಪಾಗಿ, ಒಂದು ಬದಿಗೆ ಸವೆದಿತ್ತು. ಅವನು ಹೆಬ್ಬೆರಳಿನಿಂದ ಆ ಸವೆತವನ್ನು ಸವರುತ್ತ ಬೆನ್ನ ಹಿಂದಿನ ಸದ್ದುಗಳನ್ನು ಕೇಳಿದ. ಕೋಲಿನ ಠಣ್. ಮಂಡಿ ಊರುವಾಗಿನ ಸಣ್ಣ ನರಳಿಕೆ. ಮೌನ. ಮತ್ತೆ ಠಣ್, ಇನ್ನಷ್ಟು ಎಡಕ್ಕೆ. ನೂಲಿನ ಅಂಗಡಿ ಹತ್ತಿರವಾಯಿತು. ಠಣ್. ಅಲ್ಲೇ. ಅಲ್ಲೇ ಭಾವ, ಅಲ್ಲೇ. ಆದರೆ ಹೆಜ್ಜೆಗಳು ಅದನ್ನು ದಾಟಿ ಮುಂದೆ ಹೋದವು, ಹೋಗುತ್ತಲೇ ಇದ್ದವು, ಅವನ ಬೆನ್ನೆಲ್ಲ ಬಾಯಿಯಾಗಿ ಕೂಗಬೇಕೆನ್ನಿಸಿತು. ಹಣೆಯನ್ನು ಗೋಡೆಗೆ ಒತ್ತಿದ. ಹೊಲಿಗೆ ಯಂತ್ರಗಳು ಎಲ್ಲಿಯೂ ಓಡುತ್ತಿರಲಿಲ್ಲ. ತುಂಬ ದೂರದಲ್ಲಿ ಒಂದು ಠಣ್, ಆಮೇಲೆ ಹೆಜ್ಜೆಗಳು ತಿರುಗಿ ಬಂದವು, ಈಗ ನಿಧಾನವಾಗಿ, ಮೊಳಮೊಳಕ್ಕೂ ಮಂಡಿಯೂರುತ್ತ. ಕೊನೆಗೆ ಸೀಮೆಸುಣ್ಣ ಡಾಂಬರಿನ ಮೇಲೆ ಉಜ್ಜಿದ ಸದ್ದು.

‘ಇಲ್ಲಿ ಅಗೀರಿ,’ ಎಂದರು ಭಾವ. ದನಿ ಯಾಕೋ ಮೆತ್ತಗಿತ್ತು.

ಅವನು ತಿರುಗಲಿಲ್ಲ. ಹಾರೆ ಡಾಂಬರು ಒಡೆದು, ಜಲ್ಲಿ ಒಡೆದು, ಮಣ್ಣಿಗಿಳಿಯುವ ತನಕ ಅರ್ಧ ಗಂಟೆಗೂ ಮೇಲೆ ಅಲ್ಲೇ ನಿಂತಿದ್ದ. ನೋಡಿದವರು ಇವನಿಗೇನೋ ತಲೆ ಸರಿಯಿಲ್ಲ ಎಂದುಕೊಂಡಿರಬೇಕು. ಗುದ್ದಲಿಯ ಒಣ ಸದ್ದು ಎಷ್ಟೋ ಹೊತ್ತು ಒಣದಾಗಿಯೇ ಇತ್ತು. ಆಮೇಲೆ ಒಂದು ಏಟು ಪಚಕ್ ಎಂದಿತು. ಇನ್ನೊಂದು. ಅಗೆಯುವವನು ‘ಬಂತು, ಬಂತು’ ಎಂದ. ಅವನು ತಿರುಗಿ ನೋಡುವಷ್ಟರಲ್ಲಿ ಗುಂಡಿಯ ತಳದಲ್ಲಿ ಕೆಂಪು ಕೆಸರು ತಾನಾಗಿ ಮಿಸುಕಾಡುತ್ತಿತ್ತು, ನಡುವೆ ಒಂದು ಕಡೆ ತಿಳಿನೀರು ಉಕ್ಕಿ ಉಕ್ಕಿ ಬರುತ್ತಿತ್ತು. ಗೆರೆ ಹೇಳಿದ ಜಾಗಕ್ಕೂ ಭಾವನ ಸೀಮೆಸುಣ್ಣಕ್ಕೂ ಒಂದು ಮೊಳ ವ್ಯತ್ಯಾಸವಿತ್ತು. ಅದು ಗೊತ್ತಿದ್ದವನು ಬೀದಿಯಲ್ಲಿ ಅವನೊಬ್ಬನೇ. ನೀರು ಸೀಮೆಸುಣ್ಣದ ಕೆಳಗಿತ್ತು.

ಭಾವ ನೂಲಿನ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದರು. ಪ್ಯಾಂಟಿನ ಮಂಡಿ ಎರಡೂ ಕಡೆ ಹರಿದಿತ್ತು, ಕೆಳತುಟಿಯಲ್ಲಿ ಒಂದು ಹನಿ ರಕ್ತ. ಎಂಜಿನಿಯರ್ ಅವರ ಎದುರಿಗೆ ಬಂದು, ಕುಕ್ಕರುಗಾಲಿನಲ್ಲಿ ಕೂತು, ಬಾಯಿ ಬಿಡಿಸಿ ಬಿಡಿಸಿ ಕೇಳಿದರು. ‘ಯಾವಾಗಿಂದ ಕಿವಿ ಕೇಳಲ್ಲ?’

‘ಮೂರು ವರ್ಷದಿಂದ ಸಾರ್.’

‘ಮತ್ತೆ ಇಷ್ಟು ದಿನ ಹೇಗೆ ನಡೆಸಿದ್ರಿ?’

‘ನಮ್ಮ ಇಂಟ್ರಾನೆಟ್ಟಲ್ಲಿ ಒಂದು ಚಿತ್ರ ಬರೋದು. ಅದನ್ನ ನೋಡಿ ಕೇಳಿದ ಹಾಗೆ ಮಾಡ್ತಿದ್ದೆ. ಈಗ ಅದು ನನಗೆ ಸಂಬಂಧಿಸಿದ್ದಲ್ಲ ಅನ್ನುತ್ತೆ.’

ಎಂಜಿನಿಯರ್ ಕೋಲಿನ ತುದಿಯನ್ನು ಒಮ್ಮೆ ಮುಟ್ಟಿ ನೋಡಿ, ಎದ್ದು, ಗೋದಾಮಿನ ಮಾತೆತ್ತದೆ ಗುಂಡಿಯ ಕಡೆ ಹೋದರು. ನಕ್ಕಿದ್ದವನು ಒಂದು ಲೋಟ ನೀರು ತಂದು ಭಾವನಿಗೆ ಕೊಟ್ಟ. ಬಟ್ಟಲು ಹಿಡಿದೇ ಇದ್ದ ಅವನು ಭಾವನ ಮುಂದೆ ಬಂದು ನಿಂತ. ಕೈ ಅಡ್ಡ ಹಿಡಿಯಲಿಲ್ಲ.

‘ಅದನ್ನ ತೆಗೆದದ್ದು ನಾನು, ಭಾವ. ನಿಮ್ಮನ್ನ ಒಂದು ಮಾತೂ ಕೇಳಲಿಲ್ಲ. ಎಲ್ಲರ ಮುಂದೆ ತಮಾಷೆ ಮಾಡಿ ತೆಗೆದೆ.’

‘ಗೊತ್ತು.’ ಭಾವ ನೀರು ಕುಡಿದು ಲೋಟ ಕೆಳಗಿಟ್ಟರು. ‘ಫೋನ್ ಚಾಚಿ ನಿಂತಾಗ ನಿನ್ನ ಮುಖ ನೋಡಿ ಅನುಮಾನ ಬಂತು. ಗೋಡೆ ಕಡೆ ತಿರುಗಿದೆಯಲ್ಲ, ಆಗ ಖಾತ್ರಿ ಆಯ್ತು.’

‘ನಾಳೆಯಿಂದ ನಿಮಗೆ ಮತ್ತೆ ಕಾಣುತ್ತೆ. ಸೇರಿಸಿದ್ದೀನಿ.’

‘ಯಾರಿಗೂ ಗೊತ್ತಾಗದ ಹಾಗಾ?’

‘ಹೂಂ’ ಎಂದ ಅವನು.

‘ಹಾಗಾದ್ರೆ ತೆಗೆದುಬಿಡು. ನನ್ನ ಹೆಸರು ಬರೆದು, ಕಿವಿ ಕೇಳಲ್ಲ ಅಂತ ಕಾರಣ ಬರೆದು, ಆಮೇಲೆ ಸೇರಿಸು. ಇನ್ನಿಬ್ಬರು ಇದ್ದಾರಲ್ಲ, ಅವರನ್ನೂ ಸೇರಿಸು. ಅವರದ್ದೇನು ಕಥೆಯೋ ಯಾರಿಗೆ ಗೊತ್ತು.’ ಅಷ್ಟು ಹೇಳಿ ಭಾವ ಎದ್ದರು. ಬೀದಿಯ ಆ ತುದಿಗೆ, ಒಡೆಯದೆ ಉಳಿದ ದೊಡ್ಡ ಕೊಳವೆಯ ವಾಲ್ವಿನ ಬಳಿ ಅವನನ್ನು ಕರೆದುಕೊಂಡು ಹೋದರು. ಕೋಲನ್ನು ಊರಿದರು, ತುದಿಯನ್ನು ಅಂಗಿಯಿಂದ ಒರೆಸಿದರು.

‘ಅವತ್ತು ಕೇಳಿಸ್ತು ಅಂತ ನೀನು ಸುಳ್ಳು ಹೇಳಿದ್ದೆ, ಅಲ್ವಾ?’

ಅವನು ತಲೆ ತಗ್ಗಿಸಿದ. ಹದಿನೇಳರ ಹುಡುಗನ ಸುಳ್ಳನ್ನು ಇಷ್ಟು ವರ್ಷ ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇಟ್ಟುಕೊಂಡಿದ್ದ ಮನುಷ್ಯನ ಎದುರು ಅವನು ಮಂಡಿಯೂರಿ, ಕೋಲಿನ ತುದಿಯನ್ನು ಕಚ್ಚಿದ. ಉಕ್ಕು ನಾಲಗೆಗೆ ಹುಳಿಹುಳಿ ತಾಗಿತು. ಹುಳುಕು ಹಲ್ಲು ಚುರುಕ್ ಎಂದಿತು. ಏನೂ ಇಲ್ಲ, ಹೊಲಿಗೆ ಯಂತ್ರಗಳು ಮತ್ತೆ ಶುರುವಾಗಿದ್ದವು, ಅಷ್ಟೆ. ಭಾವ ಅವನ ಎರಡೂ ಕಿವಿಗಳನ್ನು ತಮ್ಮ ಒರಟು ಅಂಗೈಗಳಿಂದ ಗಟ್ಟಿಯಾಗಿ ಮುಚ್ಚಿದರು.

ಬೀದಿ ಆರಿಹೋಯಿತು. ಆಮೇಲೆ ದವಡೆಯಿಂದ ಬಂತು, ಕೆನ್ನೆಯ ಮೂಳೆಯಿಂದ, ಕಣ್ಣಿನ ಹಿಂದಿನಿಂದ, ಹೊರಗಿನಿಂದ ಬಂದದ್ದೆಂದು ಹೇಳಲಾಗದ ಹಾಗೆ ತಲೆಯೊಳಗೇ ತುಂಬಿಕೊಂಡಿತು: ನೀರು, ಅಷ್ಟು ನೀರು, ಆ ಆರು ಮೀನುಗಳನ್ನು ಹಾದು ಬಂದದ್ದು, ಒಂದು ಕ್ಷಣವೂ ನಿಲ್ಲದೆ, ಯಾರನ್ನೂ ಕೇಳದೆ, ಎಲ್ಲರ ಕಾಲಡಿಯಲ್ಲಿ ಹೋಗುತ್ತಿತ್ತು. ಅವನ ಬಾಯಿಂದ ಜೊಲ್ಲು ಇಳಿದು ಕೋಲಿನುದ್ದಕ್ಕೂ ಹರಿಯಿತು. ಯಾರೋ ನೋಡುತ್ತಿದ್ದರು, ನೋಡಲಿ.

ಅಂಗೈಗಳು ಸರಿದವು. ‘ಕೇಳಿಸ್ತಾ?’ ಎಂದರು ಭಾವ.

ಬಾಯಲ್ಲಿ ಕೋಲಿತ್ತು. ಅವನು ಹೌದೆಂದು ತಲೆಯಾಡಿಸಿದ, ಕೋಲೂ ಅವನ ಜೊತೆ ಸ್ವಲ್ಪ ಆಡಿತು.